ಹೊಳೆಮ್ಮನ ಸಾಕ್ಷಿ

೧೯೩೪ ಡಿಸೆಂಬರ್ ೧೯, ಬುಧವಾರ. ಕಮಲಾಪುರ

ಮದ್ರಾಸಿನ ಹಾಸ್ಟೆಲಿನಲ್ಲಿ ನಮ್ಮ ಮೇಟ್ರನ್ ಹುಡುಗಿಯರ ಪೆಟ್ಟಿಗೆ ತೆಗೆದು ಡೈರಿ ಓದುತ್ತಾಳೆ. ಅದಕ್ಕೇ ಕನ್ನಡದಲ್ಲಿ ಬರೆಯುತ್ತೇನೆ. ಬಳ್ಳಾರಿಯ ಮಿಷನ್ ಶಾಲೆಯಲ್ಲಿ ಕಲಿತ ಕನ್ನಡ, ಓದಿದರೆ ಪಾದ್ರಿ ಪ್ರಸಂಗ ಕೇಳಿದಂತಾಗುತ್ತದೆ ಎಂದು ಗೆಳತಿಯರು ನಗುತ್ತಾರೆ. ನಗಲಿ. ಮೇಟ್ರನ್‌ಗೆ ಅರ್ಥವಾಗದಿದ್ದರೆ ಸಾಕು.

ಬೆಳಿಗ್ಗೆ ಹೊಸಪೇಟೆ ಸ್ಟೇಷನ್ನಿನಲ್ಲಿ ಇಳಿದೆ. ತಾಯಿ ಬಂದಿದ್ದಳು. ಅಷ್ಟು ದೂರದಿಂದಲೇ "ಎರ್ರೆಮ್ಮಾ!" ಎಂದು ಕೂಗಿದಳು. ಫಸ್ಟ್ ಕ್ಲಾಸಿನಿಂದ ಇಳಿಯುತ್ತಿದ್ದ ದೊರೆಸಾನಿಯೊಬ್ಬಳು ತಿರುಗಿ ನೋಡಿದಳು. ನನಗೆ ಮೈಯೆಲ್ಲ ಬಿಸಿಯಾಯಿತು. ನಾನು ಎಡಿತ್ ಬ್ರೇ. ಕಾಲೇಜಿನ ರಿಜಿಸ್ಟರಿನಲ್ಲಿ ಹಾಗೆಯೇ ಇದೆ. ಎರ್ರೆಮ್ಮ ಎಂಬುದು ಹುಟ್ಟಿದಾಗ ಕೆಂಪಗಿದ್ದೆನೆಂದು ತಾಯಿ ಇಟ್ಟುಕೊಂಡ ಹೆಸರು. ಪೆಟ್ಟಿಗೆ ಹೊತ್ತು ಆಕೆ ಮುಂದೆ ನಡೆದಳು, ನಾನು ಸ್ವಲ್ಪ ಹಿಂದೆ. ನೋಡಿದವರು ಆಕೆಯನ್ನು ಆಯಾ ಎಂದುಕೊಂಡಿರಬೇಕು.

ನಾಳೆಯಿಂದ ಕೆರೆಯ ಮೇಲೆ ಹಾಯಿದೋಣಿ ಕ್ಲಬ್ಬಿನ ಪಂದ್ಯ. ನನ್ನ ಹೆಸರನ್ನೂ ಸೇರಿಸಿದ್ದಾರೆ. ಕಾಲುವೆ ಓವರ್‌ಸಿಯರ್ ಆಗಿದ್ದ ನಮ್ಮ ಡ್ಯಾಡಿ ಈ ಕೆರೆಯ ಮೇಲೆ ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಚುಕ್ಕಾಣಿ ಹಿಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೂ ಕ್ಲಬ್ಬಿನವರು ನನ್ನನ್ನು ಬಾ ಅನ್ನುತ್ತಾರೆ. ಆದರೆ ಹಿಂದಿನ ಬಾಗಿಲಿನಿಂದ. ತಾಯಿ ಬರಬಹುದಾದದ್ದು ಕ್ಲಬ್ಬಿನ ಹೊರಗಿನ ಹುಣಿಸೆಮರದವರೆಗೆ ಮಾತ್ರ. ಈ ಸಲ ಕಪ್ ಗೆದ್ದರೆ ನನ್ನ ಹೆಸರು ಮೆಂಬರುಗಳ ಹಲಗೆಯ ಮೇಲೆ ಬರೆಸುತ್ತೇನೆಂದೂ ಫೆಬ್ರವರಿಯಲ್ಲಿ ಮದ್ರಾಸಿನ ಪಂದ್ಯಕ್ಕೆ ಕ್ಲಬ್ಬಿನ ಪರವಾಗಿ ಕಳಿಸುತ್ತೇನೆಂದೂ ಮಿಸೆಸ್ ಪೆನ್‌ಫೋಲ್ಡ್ ಹೇಳಿದ್ದಾರೆ. ಆಕೆಯ ಗಂಡನೇ ಕ್ಲಬ್ಬಿನ ಅಧ್ಯಕ್ಷ. ಮದ್ರಾಸಿನ ಬಂದರಿನಲ್ಲಿ ನಮ್ಮ ಕಾಲೇಜಿನ ಹುಡುಗಿಯರೆಲ್ಲ ಸಾಲಾಗಿ ನಿಂತು ನೋಡುವುದನ್ನು ನೆನೆದರೆ ನಿದ್ದೆ ಬರುವುದಿಲ್ಲ. ಸಂತೋಷಕ್ಕೋ ಹೆದರಿಕೆಗೋ ತಿಳಿಯದು.

ಡಿಸೆಂಬರ್ ೨೧

ಪಂದ್ಯ ಒಬ್ಬರ ಎದುರು ಒಬ್ಬರದು. ಎರಡೇ ದೋಣಿ. ಕೆರೆಯ ಏರಿಯ ಬಳಿಯಿಂದ ಹೊರಟು ನೀರಿನ ನಡುವೆ ನಿಂತ ಹಳೆಯ ಕಲ್ಲುಕಂಬವನ್ನು ಸುತ್ತಿ ಮರಳಬೇಕು. ಆ ಕಂಬವೇ ಗುರುತು. ಗುರುತಿಗೆ ದೋಣಿ ತಾಗಿದರೂ ಹಾಯಿ ತಾಗಿದರೂ ದೋಣಿಯಲ್ಲಿರುವವರ ಕೈ ತಾಗಿದರೂ ಸೋತಂತೆ. ಕಾವಲಿಗೆ ಅಲ್ಲಿ ಒಂದು ಹರಿಗೋಲು ನಿಲ್ಲಿಸುತ್ತಾರೆ. ಈ ವರ್ಷ ಆ ಕೆಲಸ ನಮ್ಮ ಸೋದರಮಾವ ಗಾಳೆಪ್ಪನದು.

ಉಳಿದವರೆಲ್ಲ ಸೋತು ಈಗ ಉಳಿದದ್ದು ನಾನು ಮತ್ತು ಮಿಸ್ಟರ್ ಫೆರಿಸ್. ಸಂಡೂರಿನ ಮ್ಯಾಂಗನೀಸ್ ಗಣಿಗೆ ಹೊಸದಾಗಿ ಬಂದ ಎಂಜಿನಿಯರು. ಮಾತು ಕಡಿಮೆ. ಮೂಗಿನ ಮೇಲೆ ಚರ್ಮ ಸುಲಿದುಹೋಗಿದೆ. ನನ್ನನ್ನು ನೋಡಿ ಟೋಪಿ ತೆಗೆದರು. ಹಿಂದೆ ಯಾರಾದರೂ ಬಂದರೇನೋ ಎಂದು ನಾನು ತಿರುಗಿ ನೋಡಿದೆ.

ಡಿಸೆಂಬರ್ ೨೪

ಮೂರು ಸುತ್ತುಗಳಲ್ಲಿ ಮೊದಲನೆಯದು ಫೆರಿಸ್ ಗೆದ್ದರು. ಎರಡನೆಯದು ನಾನು. ಇಪ್ಪತ್ತಾರಕ್ಕೆ ಕೊನೆಯದು.

ಊಟ ಸೇರುತ್ತಿಲ್ಲ. ತಾಯಿ ರೊಟ್ಟಿ ತಟ್ಟುತ್ತ "ನಾನೂ ಅಣ್ಣನ ಹರಿಗೋಲಿನಾಗ ಕುಂದರ್ತೀನಿ, ಹತ್ರದಿಂದ ನೋಡಿದಂಗ ಆಗ್ತದ" ಎಂದಳು. ಬೇಡವೆನ್ನಲು ಕಾರಣ ಸಿಗಲಿಲ್ಲ. ಹುಣಿಸೆಮರದ ಕೆಳಗೆ ಎಲ್ಲರ ಕಣ್ಣಿಗೆ ಬೀಳುವುದಕ್ಕಿಂತ ನೀರಿನ ನಡುವೆ ಇರುವುದೇ ವಾಸಿ ಎಂದುಕೊಂಡೆ.

ಡಿಸೆಂಬರ್ ೨೬, ಮಧ್ಯಾಹ್ನ

ಗೆದ್ದೆ! ಗೆದ್ದೆ! ಗಾಳಿ ಹಗುರವಾಗಿತ್ತು, ನನ್ನ ಮೈಯೂ ಹಗುರ. ಕಲ್ಲನ್ನು ಎಷ್ಟು ಒತ್ತಿ ಸುತ್ತಿದೆನೆಂದರೆ ಅದರ ಪಾಚಿಯ ವಾಸನೆ ಮೂಗಿಗೆ ಬಂತು. ಅಲ್ಲಿ ಒಂದು ಗಳಿಗೆ ಹಾಯಿ ಪಟಪಟ ಬಡಿದುಕೊಂಡಿತು, ಯಾಕೋ ತಿಳಿಯಲಿಲ್ಲ. ಮತ್ತೆ ಹಗ್ಗ ಎಳೆದುಕೊಂಡೆ. ಏರಿಗೆ ಬರುವಾಗ ನನ್ನ ದೋಣಿಯ ಮೂತಿ ಮುಂದಿತ್ತು.

ಮಿಸ್ಟರ್ ಫೆರಿಸ್ ಏನೋ ತಕರಾರು ಕೊಟ್ಟಿದ್ದಾರಂತೆ. ಜೂರಿ ಕೂಡುತ್ತದೆ. ನನ್ನನ್ನು ಕರೆಯುತ್ತಿದ್ದಾರೆ.

ಡಿಸೆಂಬರ್ ೨೬, ದೀಪ ಹಚ್ಚಿದ ಮೇಲೆ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಇಲ್ಲವಾದರೆ ನಾಳೆ ನಾನೇ ನಂಬಲಾರೆ.

ಜೂರಿಯಲ್ಲಿ ಮೂವರು. ಮಿಸ್ಟರ್ ಪೆನ್‌ಫೋಲ್ಡ್, ರೈಲ್ವೆ ಡಾಕ್ಟರ್ ಗಿಲ್, ಮತ್ತು ಹೊಸಪೇಟೆಯ ಕಮಲಾಕರ ರಾಯರು. ರಾಯರು ಕಾಲುವೆ ಕಚೇರಿಯಲ್ಲಿ ಹಿರಿಯರು, ಜೂರಿಯಲ್ಲಿ ಕೂತ ಮೊದಲ ಭಾರತೀಯರು. ಡ್ಯಾಡಿಗೆ ಸ್ನೇಹಿತರಾಗಿದ್ದರು.

ನಾನು ಕೈಯಿಂದ ಕಲ್ಲು ಮುಟ್ಟಿದ್ದನ್ನು ಹಿಂದಿನ ದೋಣಿಯಿಂದ ಕಂಡೆ ಎಂದು ಫೆರಿಸ್ ಹೇಳಿದರು. ನನಗೆ ನಗು ಬಂತು. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಹಾಯಿಯ ಹಗ್ಗ. ಮುಟ್ಟಲು ಮೂರನೆಯ ಕೈ ಎಲ್ಲಿಂದ ತರಲಿ? "ನನ್ನ ಮಾನದ ಮೇಲೆ ಹೇಳುತ್ತೇನೆ, ಮುಟ್ಟಿಲ್ಲ" ಎಂದೆ. ನಿಜವೆಂದೇ ಹೇಳಿದೆ.

ಗಾಳೆಪ್ಪಮಾವನನ್ನು ಕರೆದರು. ಅವನಿಗೆ ಫೆರಿಸ್‌ನ ದೋಣಿ ಹರಿಗೋಲಿಗೆ ಬಡಿಯುತ್ತದೇನೋ ಎಂಬ ಹೆದರಿಕೆ, ಆ ಕಡೆಗೇ ನೋಡುತ್ತಿದ್ದನಂತೆ. "ಹಂಗಾರ ಹರಿಗೋಲಿನಲ್ಲಿ ಇನ್ನ್ಯಾರಿದ್ರು?" ಎಂದು ರಾಯರು ಕೇಳಿದರು. "ನಮ್ಮ ತಂಗಿ ರೀ."

ತಾಯಿಯನ್ನು ಕ್ಲಬ್ಬಿನ ಒಳಕ್ಕೆ ಕರೆದರು. ಮೊದಲ ಸಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಹುಲಿಚರ್ಮ ತುಳಿಯದೆ ಅದರ ಸುತ್ತು ಹಾಕಿ ಬಂದು ನಿಂತಳು. ಪೆನ್‌ಫೋಲ್ಡ್ ಕೇಳಿದ್ದನ್ನು ರಾಯರು ಕನ್ನಡದಲ್ಲಿ ಕೇಳಿದರು:

"ಹೊಳೆಮ್ಮ, ನಿನ್ನ ಮಗಳು ಕಲ್ಲು ಸುತ್ತೋವಾಗ ನೀ ಅಲ್ಲೇ ಇದ್ದಿ. ಆಕಿ ಕಲ್ಲು ಮುಟ್ಟಿದ್ಲೋ ಇಲ್ಲೋ? ನೋಡಿದ್ದಷ್ಟ ಹೇಳು."

ತಾಯಿಯ ಮುಖ ಅರಳಿತು. "ಮುಟ್ಟಿದ್ಲ್ರಿ ರಾಯರ! ಹಗ್ಗ ಬಿಟ್ಟು, ಮುಟ್ಟಿ, ಕಣ್ಣಿಗೆ ಒತ್ತಿಕೊಂಡ್ಲು. ಗಂಗಮ್ಮನ ಕಲ್ಲಲ್ಲೇನ್ರಿ ಅದು? ಅದನ್ನ ಮುಟ್ಟದ ನಮ್ಮ ಅಂಬಿಗರ ಮಂದಿ ಯಾರು ಮುಂದ ಹೋಗ್ತಾರ್ರಿ? ನಡಿಯಾಕ ಕಲಿಯೂ ಮುಂಚೇಕ ಕಲಿಸೀನಿ ಆಕಿಗೆ. ಮದ್ರಾಸಿಗೆ ಹೋದ್ರೂ ಮರತಿಲ್ಲ ನೋಡ್ರಿ ನನ್ನ ಕೂಸು!"

ಹಾಯಿ ಪಟಪಟ ಬಡಿದುಕೊಂಡದ್ದು ಯಾಕೆಂದು ಆಗ ತಿಳಿಯಿತು. ಮೂರನೆಯ ಕೈ ಬೇಕಿರಲಿಲ್ಲ. ಹಗ್ಗದ ಕೈಯನ್ನೇ ಬಿಟ್ಟಿದ್ದೆ. ನಾನು ಬಿಟ್ಟೆನೆಂದೂ ಹೇಳಲಾರೆ, ಕೈ ತಾನೇ ಹೋಗಿ ಬಂದಿತ್ತು. ಎಲ್ಲ ಮುಗಿಯಿತೆಂದುಕೊಂಡೆ.

ರಾಯರು ಒಂದು ಉಸಿರು ತಡೆದು, ಪೆನ್‌ಫೋಲ್ಡ್ ಕಡೆ ತಿರುಗಿ, ಇಂಗ್ಲಿಷಿನಲ್ಲಿ ಹೇಳಿದರು: "ದೂರದಿಂದಲೇ ಕೈ ಎತ್ತಿ ನಮಸ್ಕಾರ ಮಾಡಿದಳಂತೆ. ಇವರಲ್ಲಿ ಹಾಗೆ ಪದ್ಧತಿ. ಕಲ್ಲನ್ನು ಮುಟ್ಟಿಲ್ಲ ಎನ್ನುತ್ತಾಳೆ."

ಒಂದೊಂದು ಮಾತೂ ಕಿವಿಗೆ ಬಿತ್ತು. ಬಾಗಿಲ ಬಳಿ ನಿಂತ ಬಟ್ಲರ್ ನೆಲ ನೋಡಿದ. ತಾಯಿ ನಗುತ್ತ ನಿಂತಿದ್ದಳು, ರಾಯರು ತನ್ನ ಮಾತನ್ನೇ ದೊರೆಗೆ ಮುಟ್ಟಿಸುತ್ತಿದ್ದಾರೆಂದು ಅವರು ನಿಲ್ಲಿಸಿದಲ್ಲೆಲ್ಲ ತಲೆಯಾಡಿಸುತ್ತ.

ಫೆರಿಸ್ ಸುಳ್ಳು ಹೇಳುವ ಪೈಕಿಯಲ್ಲ ಎಂದರು ಡಾಕ್ಟರ್ ಗಿಲ್. ಕಣ್ಣು ಮೋಸ ಹೋಗಿರಬೇಕು ಎಂದರು ಪೆನ್‌ಫೋಲ್ಡ್. ಇಬ್ಬರ ಎದುರು ಒಬ್ಬರು. ತಕರಾರು ತಳ್ಳಿಹಾಕಲಾಯಿತು. ಕಪ್ ನನ್ನ ಕೈಗೆ ಬಂತು. ಚಪ್ಪಾಳೆ. ಫೆರಿಸ್ ತಾವೂ ತಟ್ಟಿದರು, ಬಿಳಿಚಿದ ಮುಖದಿಂದ.

ಡಿಸೆಂಬರ್ ೨೭

ಬರೆಯಲು ಆಗುತ್ತಿಲ್ಲ.

ಡಿಸೆಂಬರ್ ೨೮

ಇದನ್ನು ಬರೆಯಲೇಬೇಕು. ಕಪ್ ಯಾಕೆ ಕೊಟ್ಟರೆಂದು ತಾಯಿ ತಿಳಿದುಕೊಂಡಿದ್ದಾಳೆ ಗೊತ್ತೇ? ನಾನು ಗಂಗಮ್ಮನನ್ನು ಮುಟ್ಟಿದ್ದಕ್ಕೆ!

ಬೆಳಿಗ್ಗೆಯಿಂದ ಅಂಬಿಗರ ಕೇರಿಯ ಹೆಂಗಸರೆಲ್ಲ ನಮ್ಮ ಮನೆಯಲ್ಲಿ. ತಾಯಿ ಕಪ್ಪಿಗೆ ಕುಂಕುಮ ಹಚ್ಚಿ ಕಟ್ಟೆಯ ಮೇಲೆ ಇಟ್ಟಿದ್ದಾಳೆ. ಪಕ್ಕದ ಮನೆಯ ನೀಲಗಂಗಮ್ಮ ಅದನ್ನು ಎತ್ತಿ ತೂಗಿ ನೋಡಿ, "ಏ ಹೊಳೀ, ಇದರಾಗ ಅಂಬಲಿ ಕುಡದ್ರ ಒಂದ ಗುಟುಕಿಗೆ ಮುಗೀತು. ಇಷ್ಟಕ್ಕ ಅಷ್ಟು ಬಡದಾಡಿದ್ರೇನ?" ಎಂದಳು.

"ನಗಬ್ಯಾಡ ನೀ. ದೊರಿಗೋಳು ನನ್ನ ಒಳಗ ಕರದು ಕೇಳಿದ್ರು, ನಿನ್ನ ಮಗಳು ಅವ್ವನ್ನ ಮುಟ್ಟಿದ್ಲೋ ಇಲ್ಲೋ ಅಂತ. ಮುಟ್ಟಿದ್ಲು ಅಂದೆ. ಕೊಟ್ರು."

"ಅವರಿಗ್ಯಾಕ ಬೇ ನಮ್ಮ ಗಂಗಮ್ಮನ ಉಸಾಬರಿ?"

"ಕೆರಿ ಮ್ಯಾಲೆ ಬರೂ ಮಂದಿಗೆ ಗಂಗಮ್ಮ ಬ್ಯಾಡೇನ? ನೀರು ಎಲ್ಲಾರಿಗೂ ಒಂದ."

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟು ಹೆಂಗಸರ ನಡುವೆ ಆಕೆಯ ಮುಖ ನೋಡಿ ಮುಚ್ಚಿದೆ.

ಸಂಜೆ ಕಮಲಾಕರ ರಾಯರ ಜಟಕಾ ದಾರಿಯಲ್ಲಿ ಸಿಕ್ಕಿತು. ನಿಲ್ಲಿಸಿ ಕೇಳಿದೆ. ಕೇಳುವ ಧೈರ್ಯ ಎಲ್ಲಿಂದ ಬಂತೋ. "ರಾಯರೇ, ನಮ್ಮ ತಾಯಿ ಹಾಗೆ ಹೇಳಲಿಲ್ಲ."

ಅವರು ಜಟಕಾದವನನ್ನು ಎಲೆಯಡಿಕೆ ತರಲು ಅತ್ತ ಕಳಿಸಿದರು. "ಹೇಳಲಿಲ್ಲ. ಖರೇ. ನೋಡಮ್ಮಾ, ನೀ ದೋಣಿ ನಡಸೂದರಾಗ ಗೆದ್ದಿ. ಕಲ್ಲಿಗೆ ಕೈ ಮುಗದಿದ್ದಕ್ಕ ಸೋಲಬೇಕೇನು? ಆ ಜೂರಿಯೊಳಗ ಮೂರು ವರ್ಷದಿಂದ ಕೂತೀನಿ. ಹೌದ್ರಿ ಅನ್ನೂದು ಬಿಟ್ರ ಬ್ಯಾರೆ ಮಾತು ಆಡಿಲ್ಲ. ಒಮ್ಮೆ ನಮ್ಮ ಹುಡುಗಿಯೊಬ್ಬಾಕಿ ಗೆಲ್ಲಲಿ ಅನಿಸ್ತು. ನಿಮ್ಮಪ್ಪ ಇದ್ದಿದ್ರ ಕುಣೀತಿದ್ದ."

"ಫೆರಿಸ್‌ಗೆ ಅನ್ಯಾಯವಾಯಿತಲ್ಲ."

"ಆತಗ ಬ್ಯಾರೆ ಕಪ್ಪು ಸಿಗತಾವ. ನೀ ಸುಮ್ಮನಿರು ತಾಯಿ. ನಿಮ್ಮವ್ವಗೂ ಸುಮ್ಮನಿರಾಕ ಹೇಳು. ಭಾಳ ಮಾತಾಡ್ಲಿಕ್ಕೆ ಹತ್ಯಾಳಂತ."

ನಮ್ಮ ಹುಡುಗಿ ಅಂದರು. ಆ ಮಾತಿಗೆ ಸಂತೋಷಪಡುವುದೋ ಅಳುವುದೋ ತಿಳಿಯದೆ ಏರಿಯ ಮೇಲೆ ನಿಂತುಬಿಟ್ಟೆ.

ಡಿಸೆಂಬರ್ ೩೧

ಹೆದರಿದ್ದೇ ಆಯಿತು. ತಾಯಿಯ ಮಾತು ನೀಲಗಂಗಮ್ಮನಿಂದ ಬಟ್ಲರ್‌ನ ಹೆಂಡತಿಗೆ, ಅಲ್ಲಿಂದ ಡಾಕ್ಟರ್ ಗಿಲ್ ಮನೆಯ ಅಡುಗೆಯವನಿಗೆ, ಅಲ್ಲಿಂದ ಡಾಕ್ಟರಿಗೆ. ಇವತ್ತು ಜೂರಿ ಮತ್ತೆ ಕೂಡಿತು. ಫೆರಿಸ್ ಇರಲಿಲ್ಲ, ಅವರು ಸಂಡೂರಿಗೆ ಹೋಗಿದ್ದಾರೆ.

ತಾಯಿಯನ್ನು ಮತ್ತೆ ನಿಲ್ಲಿಸಿದರು. ಮತ್ತೆ ಅದೇ ಮಾತು ಹೇಳಿದಳು, ಮೊದಲಿಗಿಂತ ಗಟ್ಟಿಯಾಗಿ. ಹೇಗೆ ಮುಟ್ಟಿದೆನೆಂದು ಮೇಜಿನ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ತೋರಿಸಿದಳು. ಅದನ್ನು ತರ್ಜುಮೆ ಮಾಡುವುದೇ ಬೇಕಿರಲಿಲ್ಲ. ರಾಯರು ಬೆವರುತ್ತಿದ್ದರು. ಈ ಸಲ ಸರಿಯಾಗಿ ಹೇಳಿದರು. ಆಮೇಲೆ ಕೆಳಗಿನ ದನಿಯಲ್ಲಿ ಸೇರಿಸಿದರು: "ಮೊನ್ನೆ ಇವಳು ಹೀಗೆ ಹೇಳಿರಲಿಲ್ಲ."

ಡಾಕ್ಟರ್ ಗಿಲ್ ನನ್ನ ಕಡೆ ನೋಡಿದರು. ಬಹಳ ಹೊತ್ತು. ನಾನು ಕಿಟಕಿಯ ಕಡೆ ನೋಡಿದೆ.

ಪೆನ್‌ಫೋಲ್ಡ್ ಹೇಳಿ ಬರೆಸಿದರು: ಸಾಕ್ಷಿ ಹೇಳಿದ ಹೆಂಗಸು ಇಂದು ಒಂದು, ನಾಳೆ ಒಂದು ಹೇಳುವವಳು, ಆಕೆಯ ಮಾತು ನಂಬತಕ್ಕದ್ದಲ್ಲ, ಮೊದಲಿನ ತೀರ್ಮಾನವೇ ಸರಿ. ನಾನು ಗೆದ್ದೇ ಇದ್ದೆ! ಹೊರಗೆ ಮಿಸೆಸ್ ಪೆನ್‌ಫೋಲ್ಡ್ ನನ್ನ ಭುಜ ತಟ್ಟಿ, "ಪಾಪ, ಅದು ನಿನ್ನ ತಪ್ಪಲ್ಲ, ಅವರ ಜಾತಿಯೇ ಹಾಗೆ. ಮದ್ರಾಸಿಗೆ ಬಿಳಿ ಸ್ಕರ್ಟು ಹೊಲಿಸಿಕೋ" ಎಂದರು.

ಹುಣಿಸೆಮರದ ಕೆಳಗೆ ತಾಯಿ ಕಾದಿದ್ದಳು. "ಏನಂದ್ರು? ಮತ್ತ್ಯಾಕ ಕರಿಸಿದ್ರು?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಕಲ್ಲು ಮುಟ್ಟಿದರೆ ಸೋತಂತೆ ಎಂಬಲ್ಲಿಂದ, ರಾಯರ ತರ್ಜುಮೆ, ಈಗ ಬರೆಸಿದ ಮಾತಿನವರೆಗೆ. ಅವ್ವ ನೆಲಕ್ಕೆ ಕುಸಿದು ಕೂತಳು.

"ಅಂದ್ರ ನಾ ಸುಳ್ಳಿ ಅಂತ ಬರಕೊಂಡ್ರೇನ?"

"ಹೌದು."

"ಗಂಗಮ್ಮನ ಹೆಸರಿನಾಗ ಹೇಳಿದ ಮಾತಿಗೆ?"

"ಹೌದು."

"ನೀ ಒಳಗ ಇದ್ದೆಲ್ಲ. ರಾಯರನ್ನ ಬಿಟ್ರ ಎರಡೂ ಮಾತು ಬರೂವಾಕಿ ನೀ ಒಬ್ಬಾಕಿ. ನೀ ಏನಂದಿ?"

"ಏನೂ ಅನ್ನಲಿಲ್ಲ."

ಅವ್ವ ನನ್ನನ್ನು ಬಯ್ಯಲಿಲ್ಲ. ಎದ್ದು ಸೀರೆಯ ಮಣ್ಣು ಕೊಡವಿಕೊಂಡು ಮನೆಯ ಕಡೆ ನಡೆದಳು. ಇವತ್ತು ನಾನು ಹಿಂದೆ ಬೀಳಬಾರದೆಂದು ಓಡೋಡಿ ನಡೆದೆ. ಅವಳು ನಿಲ್ಲಲಿಲ್ಲ.

೧೯೩೫ ಜನವರಿ ೧

ಅವ್ವ ಕಪ್ಪಿನ ಕುಂಕುಮ ತೊಳೆದುಬಿಟ್ಟಳು.

ಕೇರಿಯ ಹೆಂಗಸರು ಬಂದು ಹೋದರು. "ಹೊಳೆಮ್ಮ ಸುಳ್ಳು ಹೇಳಿದ್ಲಂತ" ಎಂಬುದು ಕ್ಲಬ್ಬಿನ ಹಿತ್ತಲಿನಿಂದ ಇಲ್ಲಿಗೂ ಬಂದು ಮುಟ್ಟಿದೆ. ನೀಲಗಂಗಮ್ಮ ಮಾತ್ರ ಕೂತು, "ಹೊಳಿಗೆ ಸುಳ್ಳು ಹೇಳಾಕ ಬಂದಿದ್ರ ನನ್ನ ಕೋಳಿ ಎಲ್ಲಾ ಕದ್ದು ಎಂದೋ ತಿಂದು ಮುಗಸ್ತಿದ್ಲು ಬಿಡ್ರಿ" ಎಂದಳು. ಅವ್ವ ನಗಲಿಲ್ಲ.

ಜನವರಿ ೨

ಅವ್ವ ಇವತ್ತು ಒಂದೇ ಒಂದು ಮಾತು ಕೇಳಿದಳು. "ಆ ಸಂಡೂರ ಸಾಹೇಬ ಕಂಡದ್ದನ್ನ ಹೇಳಿದ್ನಲ್ಲ, ಅವನಿಗೂ ಸುಳ್ಳ ಅಂದ್ರೇನ?"

"ಕಣ್ಣು ಮೋಸ ಹೋಯಿತು ಎಂದರು."

"ಅಂದ್ರ ಅವಂದೂ ನಂದೂ ಒಂದ ಪಾಡು" ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಾಳೆ ಸಂಡೂರಿಗೆ ಹೋಗೂನು. ತಯಾರಾಗು."

ನನಗೆ ಮದ್ರಾಸು ನೆನಪಾಯಿತು. ಹಲಗೆ, ಬಿಳಿ ಸ್ಕರ್ಟು, ಸಾಲಾಗಿ ನಿಂತ ಹುಡುಗಿಯರು. ರಾಯರೂ ನೆನಪಾದರು. ಅವರು ನನಗೋಸ್ಕರ ಮಾಡಿದರು, ನನ್ನಿಂದಲೇ ಅವರ ತಲೆ ತಗ್ಗುತ್ತದೆ. ಆದರೂ ಈ ಸಲ ಊಟ ಸೇರದೆ ಹೋಗಲಿಲ್ಲ. ರೊಟ್ಟಿ ತಿಂದೆ.

ಜನವರಿ ೩. ಸಂಡೂರಿನಿಂದ ಬಂದ ಮೇಲೆ

ಬಸ್ಸು ತಪ್ಪಿತು. ಗಣಿಗೆ ಖಾಲಿ ಮರಳುತ್ತಿದ್ದ ಲಾರಿಯ ಹಿಂದೆ ಹತ್ತಿದೆವು. ಗುಡ್ಡದ ದಾರಿಯ ಕೆಂಪು ಧೂಳು ತಲೆ, ಹುಬ್ಬು, ಕಿವಿಯೊಳಗೆಲ್ಲ. ಇಳಿದಾಗ ಅವ್ವನ ಮುಖ, ನನ್ನ ಮುಖ, ಒಂದೇ ಬಣ್ಣ. ಫೆರಿಸ್‌ನ ಬಂಗಲೆಯ ಜವಾನ ನಮ್ಮಿಬ್ಬರನ್ನೂ ಕೂಲಿಯವರೆಂದು ಹಿತ್ತಲ ಕಡೆ ಹೋಗೆಂದ. ಅವ್ವ ಮುಂದಿನ ಮೆಟ್ಟಿಲನ್ನೇ ಹತ್ತಿದಳು. ನಾನೂ ಹತ್ತಿದೆ.

ಹೊರಗೆ ಬಂದ ಫೆರಿಸ್‌ಗೆ ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವ್ವನ ಮಡಿಲಲ್ಲಿದ್ದ ಗಂಟಿನಿಂದ ಕಪ್ಪಿನ ಹಿಡಿಕೆ ಇಣುಕುತ್ತಿದ್ದುದನ್ನು ಕಂಡು ಮುಖ ಬಿಗಿದುಕೊಂಡರು. "ಮಿಸ್ ಬ್ರೇ, ಜೂರಿಯ ತೀರ್ಮಾನವಾಗಿದೆ. ನಾನು ಒಪ್ಪಿಕೊಂಡಿದ್ದೇನೆ."

"ಇವಳು ನನ್ನ ತಾಯಿ" ಎಂದೆ. "ನಿಮಗೆ ಒಂದು ಮಾತು ಹೇಳಬೇಕಂತೆ. ನಾನು ತರ್ಜುಮೆ ಮಾಡುತ್ತೇನೆ."

ಅವ್ವ ನನ್ನ ಕಡೆ ನೋಡಲಿಲ್ಲ, ಅವರನ್ನೇ ನೋಡುತ್ತ ಶುರುಮಾಡಿದಳು. "ನಾ ಹರಿಗೋಲಿನಾಗ ಇದ್ದೆ. ನಾ ನೋಡೀನಿ. ನನ್ನ ಮಗಳು ಕಲ್ಲು ಮುಟ್ಟಿದ್ಲು."

ನಾನು ಇಂಗ್ಲಿಷಿನಲ್ಲಿ ಹೇಳಿದೆ. "ನಾನು ಹರಿಗೋಲಿನಲ್ಲಿದ್ದೆ. ನಾನು ನೋಡಿದ್ದೇನೆ. ನನ್ನ ಮಗಳು ಕಲ್ಲು ಮುಟ್ಟಿದಳು." ನಾನು ಎನ್ನದೆ, ಆಕೆ ಅಂದಂತೆಯೇ ನನ್ನ ಮಗಳು ಎಂದೆ.

"ಮುಟ್ಟಬಾರದು ಅನ್ನೂದು ನನಗ ತಿಳಿದಿದ್ದಿಲ್ಲ. ತಿಳಿದಿದ್ರೂ ಇದನ್ನ ಹೇಳ್ತಿದ್ದೆ."

ಹೇಳಿದೆ.

"ಜೂರಿ ಮುಂದ ಇದನ್ನ ಎರಡು ಸಲ ಹೇಳೀನಿ. ಮೊದಲ ಸಲ ರಾಯರು ತಿರುಚಿ ಹೇಳಿದ್ರು. ಎರಡನೇ ಸಲ ನನ್ನ ಸುಳ್ಳಿ ಅಂದ್ರು. ನಿಮ್ಮ ಕಣ್ಣು ಮೋಸ ಹೋಗಿಲ್ಲ ಸಾಹೇಬ್ರ. ಅದಿಷ್ಟ ಹೇಳಾಕ ಬಂದೆ."

ಅದನ್ನೂ ಹೇಳಿದೆ, ಒಂದು ಮಾತು ಹೆಚ್ಚಿಲ್ಲದೆ, ಕಡಿಮೆಯಿಲ್ಲದೆ.

ಫೆರಿಸ್ ವರಾಂಡದ ಕಂಬಕ್ಕೆ ಕೈಕೊಟ್ಟು ನಿಂತರು. "ಒಂದು ವಾರದಿಂದ ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಹೋಗಿತ್ತು" ಎಂದರು. ಒಳಗಿನಿಂದ ತಾವೇ ಕುರ್ಚಿ ತಂದು ಅವ್ವನ ಮುಂದಿಟ್ಟರು. ಅವ್ವ ಕೂಡಲಿಲ್ಲ, ಕಪ್ಪನ್ನು ಅದರ ಮೇಲೆ ಇಟ್ಟಳು.

"ಮಿಸ್ ಬ್ರೇ, ನೀವು ಏನನ್ನುತ್ತೀರಿ? ಮುಟ್ಟಿದಿರಾ?"

"ನನಗೆ ನೆನಪಿಲ್ಲ. ನನ್ನ ತಾಯಿ ನೋಡಿದ್ದಾಳೆ. ಹಾಗಾದರೆ ಮುಟ್ಟಿದ್ದೇನೆ."

"ಪೆನ್‌ಫೋಲ್ಡ್ ಎದುರು ಇದನ್ನು ಹೇಳುತ್ತೀರಾ? ಆ ರಾವ್ ಅಲ್ಲೇ ಕೂತಿರುವಾಗ? ನಿಮಗೆ ಕ್ಲಬ್ಬೂ ಉಳಿಯುವುದಿಲ್ಲ, ಮದ್ರಾಸೂ ಉಳಿಯುವುದಿಲ್ಲ."

"ಹೇಳುತ್ತೇನೆ."

ಅವ್ವ ನನ್ನ ತೋಳು ಹಿಡಿದು ಜಗ್ಗಿದಳು. "ಏನು ಕೇಳಿದ?"

"ಜೂರಿ ಮುಂದ ಹೇಳ್ತೀಯೇನ ಅಂತ ಕೇಳಿದ್ರು ಬೇ."

"ನೀ ಏನಂದಿ?"

"ಹೇಳ್ತೀನಿ ಅಂದೆ."

"ಇಂಗ್ಲಿಷಿನಾಗ ಅಂದಿ. ನನಗ ತಿಳೀಲಿಲ್ಲ. ನನ್ನ ಮುಂದ ಇನ್ನೊಮ್ಮೆ ಅನ್ನು."

ಅಂದೆ.